ನಾಮಾನ

ಹೀಬ್ರೂ ಧರ್ಮಗ್ರಂಥದ ಅರಸುಗಳ ಎರಡನೆಯ ಪುಸ್ತಕದಲ್ಲಿ ಬರುವ ಅರಾಮ್ (ಸಿರಿಯ) ದೇಶದ ಸೇನಾಪತಿ. ಚರ್ಮರೋಗದಿಂದ ನರಳುತ್ತಿದ್ದ ಈತ ಇಸ್ರೇಲಿನ ಪ್ರವಾದಿ ಎಲೀಷನ ಮಾತಿನಂತೆ ಯೊರ್ದನ್ ಹೊಳೆಯಲ್ಲಿ ಏಳು ಸಲ ಮುಳುಗಿ ಗುಣಹೊಂದಿದ. ಕಥೆ ನಡೆಯುವುದು ಕ್ರಿ.ಪೂ. 9ನೆಯ ಶತಮಾನದಲ್ಲಿ, ಪುಸ್ತಕದ 5ನೆಯ ಅಧ್ಯಾಯ ಪೂರ್ತಿ, ಅಂದರೆ 27 ವಚನಗಳು, ಇದಕ್ಕೇ ಮೀಸಲು. ರೋಗ ವಾಸಿಯಾಗುವುದು 14ನೆಯ ವಚನದಲ್ಲಿ, ಅದೂ ಒಂದೇ ವಾಕ್ಯದಲ್ಲಿ. ಅದಕ್ಕೆ ಮುಂಚೆ ಇರುವುದು ದೊಡ್ಡ ಮನುಷ್ಯನೊಬ್ಬ ತಗ್ಗಿ ನಡೆಯಲು ಪಟ್ಟ ಪಾಡು, ಆಮೇಲೆ ಇರುವುದು ಉಪಕಾರ ತೀರಿಸಲು ಅವನು ಪಟ್ಟ ಪಾಡು. ಪವಾಡ ಕಂಡವನ ವಿನಯ ಮತ್ತು ಕೃತಜ್ಞತೆಯ ಮಾತು ಬಂದಾಗ ಯೆಹೂದ್ಯರೂ ಕ್ರೈಸ್ತರೂ ಈ ಅಧ್ಯಾಯಕ್ಕೆ ಮತ್ತೆ ಮತ್ತೆ ಬರುವುದು ಅದಕ್ಕಾಗಿಯೇ.

ಪ್ರಸಂಗ

ಅರಾಮಿನ ದಂಡು ಇಸ್ರೇಲಿನಿಂದ ಸೆರೆಹಿಡಿದು ತಂದ ಚಿಕ್ಕ ಹುಡುಗಿಯೊಬ್ಬಳು ನಾಮಾನನ ಹೆಂಡತಿಯ ಸೇವೆಗಿದ್ದಳು. ಸಮಾರ್ಯದಲ್ಲಿರುವ ಪ್ರವಾದಿಯ ಬಳಿಗೆ ಹೋದರೆ ದಣಿಯ ರೋಗ ವಾಸಿಯಾದೀತು ಎಂದವಳು ಅವಳೇ. ಅವಳಿಗೆ ಹೆಸರಿಲ್ಲ; ಮುಂದೆ ಏನಾದಳೆಂಬ ಸುದ್ದಿಯೂ ಇಲ್ಲ. ನಾಮಾನ ತನ್ನ ಅರಸನಿಂದ ಇಸ್ರೇಲಿನ ಅರಸನಿಗೆ ಪತ್ರ ಬರೆಸಿಕೊಂಡು, ಹತ್ತು ತಲಾಂತು ಬೆಳ್ಳಿ, ಆರು ಸಾವಿರ ಶೆಕೆಲ್ ಚಿನ್ನ, ಹತ್ತು ಜೊತೆ ಬಟ್ಟೆ ಹೇರಿಕೊಂಡು ಹೊರಟ. ಇವತ್ತಿನ ತೂಕದಲ್ಲಿ ಬೆಳ್ಳಿ ಸುಮಾರು 340 ಕಿಲೋ, ಚಿನ್ನ ಸುಮಾರು 70 ಕಿಲೋ. ನಾಮಾನನನ್ನು ಗುಣಪಡಿಸು ಎಂಬ ಪತ್ರ ಓದಿದ ಇಸ್ರೇಲಿನ ಅರಸ ಬಟ್ಟೆ ಹರಿದುಕೊಂಡ: ಸಾಯಿಸಲು, ಬದುಕಿಸಲು ನಾನೇನು ದೇವರೇ, ಇದು ನನ್ನ ಮೇಲೆ ಜಗಳ ತೆಗೆಯುವ ಉಪಾಯ ಎಂದ.

ಎಲೀಷ ನಾಮಾನನನ್ನು ತನ್ನಲ್ಲಿಗೆ ಕಳುಹಿಸಲು ಹೇಳಿದ. ಕುದುರೆ, ರಥಗಳೊಂದಿಗೆ ನಾಮಾನ ಬಂದು ಬಾಗಿಲಲ್ಲಿ ನಿಂತರೆ ಪ್ರವಾದಿ ಹೊರಗೇ ಬರಲಿಲ್ಲ. ಯೊರ್ದನಿನಲ್ಲಿ ಏಳು ಸಲ ಮುಳುಗು ಎಂದು ಆಳಿನ ಮೂಲಕ ಹೇಳಿ ಕಳುಹಿಸಿದ. ಸೇನಾಪತಿಗೆ ಸಿಟ್ಟು ನೆತ್ತಿಗೇರಿತು. ಪ್ರವಾದಿ ಎದುರಿಗೆ ಬಂದು, ತನ್ನ ದೇವರ ಹೆಸರು ಹಿಡಿದು, ರೋಗ ಇರುವ ಜಾಗದ ಮೇಲೆ ಕೈಯಾಡಿಸುತ್ತಾನೆ ಎಂದು ಅವನು ಎಣಿಸಿದ್ದ. ಮುಳುಗುವುದೇ ಆದರೆ ದಮಸ್ಕದ ಅಬಾನಾ, ಪರ್ಪರ್ ನದಿಗಳು ಇಸ್ರೇಲಿನ ಎಲ್ಲ ನೀರಿಗಿಂತ ಮೇಲಲ್ಲವೇ ಎಂದು ರಥ ತಿರುಗಿಸಿದ. ಅವನನ್ನು ತಡೆದವರು ಆಳುಗಳು. ಅಪ್ಪಾ, ಏನೋ ದೊಡ್ಡ ಕೆಲಸ ಹೇಳಿದ್ದರೆ ಮಾಡುತ್ತಿದ್ದಿರಿ, ಬರೀ ಸ್ನಾನ ಮಾಡು ಎಂದರೆ ಮಾಡಬಾರದೇ ಎಂದು ಕೇಳಿದರು. ಅವನು ಇಳಿದು ಮುಳುಗಿದ. ಮೈ ಎಳೆಯ ಮಗುವಿನ ಮೈಯಂತಾಯಿತು.

ನಾಮಾನನ ವಿನಯವನ್ನು ಅವನ ಸ್ವಂತ ಗುಣವೆಂದು ಹೊಗಳುವ ವ್ಯಾಖ್ಯಾನಗಳು ಬಹಳ. ಕಥೆ ಅಷ್ಟು ಉದಾರವಾಗಿಲ್ಲ. ಅವನು ತಾನಾಗಿ ತಗ್ಗಲಿಲ್ಲ. ಸೆರೆಯ ಹುಡುಗಿ, ಬಾಗಿಲಿಗೆ ಬಂದ ಆಳು, ರಥದ ಪಕ್ಕದ ಸೇವಕರು, ಹೀಗೆ ಹೆಸರಿಲ್ಲದವರೆಲ್ಲ ಸೇರಿ ಅವನನ್ನು ಹೊಳೆಗೆ ಇಳಿಸಿದರು. ಅರಸರಿಬ್ಬರಿಂದ ಆದದ್ದು ಒಂದು ಪತ್ರ, ಒಂದು ಹರಿದ ಬಟ್ಟೆ ಮಾತ್ರ.

ಹೊಳೆಯ ತಕರಾರು

ನಮ್ಮ ಊರಿನ ನೀರು ಸಾಲದೇ ಎಂಬ ನಾಮಾನನ ಪ್ರಶ್ನೆ ಸಕಲೇಶಪುರ ತಾಲ್ಲೂಕಿನ ವನಗೂರು ಸೀಮೆಯವರಿಗೆ ವಿಚಿತ್ರವೆನಿಸದು. ಕಾಫಿ ತೋಟಗಳ ಈ ಗುಡ್ಡಸಾಲಿನಲ್ಲಿ ಬಿದ್ದ ಮಳೆ ಎರಡು ಕಡೆಗೆ ಒಡೆಯುತ್ತದೆ. ಮೂಡಲಿಗೆ ಇಳಿದದ್ದು ಹೇಮಾವತಿ ಸೇರಿ ಕಾವೇರಿಯ ಮೂಲಕ ಬಂಗಾಳ ಕೊಲ್ಲಿಗೆ ಹೋದರೆ, ಪಡುವಲಿಗೆ ಇಳಿದದ್ದು ಕುಮಾರಧಾರೆಗೆ ಕೂಡಿ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರಿ ಅರಬ್ಬೀ ಸಮುದ್ರಕ್ಕೆ ಹೋಗುತ್ತದೆ. ಮನೆಯ ಹತ್ತಿರ ಹೇಮಾವತಿಯ ಹಳ್ಳ ಇದ್ದರೂ ಹರಕೆ ಹೊತ್ತವರು ವನಗೂರಿನಿಂದ ಬಿಸ್ಲೆ ಘಾಟಿ ಇಳಿದು, ಕುಲ್ಕುಂದ ದಾಟಿ, ಕುಕ್ಕೆ ಸುಬ್ರಹ್ಮಣ್ಯಕ್ಕೆ ಹೋಗಿ ಕುಮಾರಧಾರೆಯಲ್ಲೇ ಮುಳುಗುತ್ತಾರೆ. ಸ್ನಾನಘಟ್ಟದಲ್ಲಿ ಮಿಂದು, ಒದ್ದೆ ಬಟ್ಟೆ ಹಿಂಡಿ, ಆಮೇಲೆ ದೇವಸ್ಥಾನದ ಕಡೆ ಹೆಜ್ಜೆ ಹಾಕುವುದು ಅಲ್ಲಿನ ರೂಢಿ. ಚರ್ಮರೋಗ, ಮಕ್ಕಳಾಗದಿರುವುದು ನಾಗದೋಷದಿಂದ ಬರುತ್ತವೆ ಎಂಬ ನಂಬಿಕೆಯೇ ಬಹಳ ಜನರನ್ನು ಅಲ್ಲಿಗೆ ಕರೆತರುತ್ತದೆ. ನೀರಿನ ಗುಣಕ್ಕಾಗಿ ಅಲ್ಲ, ಅಪ್ಪಣೆಯಾದ ನೀರು ಅದು ಎಂಬ ಕಾರಣಕ್ಕೆ ಅಲ್ಲಿ ಮುಳುಗುವುದು. ಎಲೀಷನ ಮಾತಿನ ಒಳತಿರುಳೂ ಇದೇ: ಯೊರ್ದನ್ ಅಬಾನಾಕ್ಕಿಂತ ತಿಳಿಯೆಂದು ಅವನು ಎಲ್ಲೂ ವಾದಿಸುವುದಿಲ್ಲ.

ಮಣ್ಣಿನ ಹೊರೆ

ಗುಣವಾದ ಮೇಲೆ ನಾಮಾನ ನೇರವಾಗಿ ಊರ ದಾರಿ ಹಿಡಿಯದೆ ಎಲೀಷನ ಬಳಿಗೆ ಹಿಂದಿರುಗಿದ. ಮೊದಲು ಬಾಗಿಲಲ್ಲೇ ನಿಲ್ಲಬೇಕಾಗಿದ್ದವನು ಈಗ ಪ್ರವಾದಿಯ ಮುಂದೆ ನಿಂತು, ಇಸ್ರೇಲಿನ ದೇವರ ಹೊರತು ಭೂಮಿಯಲ್ಲೆಲ್ಲೂ ಬೇರೆ ದೇವರಿಲ್ಲ ಎಂದು ಒಪ್ಪಿಕೊಂಡ. ತನ್ನನ್ನು ನಿನ್ನ ಸೇವಕ ಎಂದು ಕರೆದುಕೊಂಡ. ಕಾಣಿಕೆ ತೆಗೆದುಕೋ ಎಂದು ಬೇಡಿಕೊಂಡರೆ ಎಲೀಷ ಆಣೆಯಿಟ್ಟು ನಿರಾಕರಿಸಿದ. ಇದು ಆ ಕಾಲದ ರೂಢಿಯಾಗಿರಲಿಲ್ಲ. ಕಳೆದುಹೋದ ಕತ್ತೆಗಳ ಸುಳಿವು ಕೇಳಲು ಹೊರಟ ಸೌಲನ ಆಳು ದಿವ್ಯದರ್ಶಿಗೆ ಕೊಡಲು ತನ್ನಲ್ಲಿ ಕಾಲು ಶೆಕೆಲ್ ಬೆಳ್ಳಿ ಇದೆ ಎಂದದ್ದು ಸಮುವೇಲನ ಮೊದಲನೆಯ ಪುಸ್ತಕದಲ್ಲಿದೆ. ಸ್ವತಃ ಎಲೀಷನೇ ಹಿಂದಿನ ಅಧ್ಯಾಯದಲ್ಲಿ ಭಕ್ತನೊಬ್ಬ ತಂದ ಇಪ್ಪತ್ತು ಜವೆಗೋದಿ ರೊಟ್ಟಿಗಳನ್ನು ಸ್ವೀಕರಿಸಿ ಜನರಿಗೆ ಬಡಿಸಲು ಹೇಳುತ್ತಾನೆ. ಹಾಗಾಗಿ ನಾಮಾನನ ಬೆಳ್ಳಿಗೆ ಬೇಡವೆಂದದ್ದು ಬೇಕೆಂದೇ. ಕೂಲಿ ಪಡೆದಿದ್ದರೆ ಪವಾಡಕ್ಕೆ ಒಂದು ದರ ಗೊತ್ತಾಗುತ್ತಿತ್ತು. ಲೆಕ್ಕ ಚುಕ್ತಾ ಮಾಡಿ ನಾಮಾನ ಹಗುರಾಗಿ ಹೋಗುತ್ತಿದ್ದ.

ಆಗ ಅವನು ಕೇಳಿದ್ದು ಎರಡು ಹೇಸರಗತ್ತೆ ಹೊರುವಷ್ಟು ಮಣ್ಣು. ಇನ್ನು ಮುಂದೆ ಬೇರೆ ದೇವರುಗಳಿಗೆ ಹೋಮ, ಬಲಿ ಅರ್ಪಿಸುವುದಿಲ್ಲ ಎಂದೂ ಹೇಳಿದ. ಆ ಮಣ್ಣಿನ ಮೇಲೆ ಊರಿನಲ್ಲಿ ಬಲಿಪೀಠ ಕಟ್ಟಲು ಎಂದು ಬಹುತೇಕ ವ್ಯಾಖ್ಯಾನಕಾರರ ಅಭಿಪ್ರಾಯ. ಕೊಡಲು ಹೇರಿಕೊಂಡು ಬಂದವನು ಬೇಡಿಕೊಂಡು ಒಯ್ಯುವವನಾದ. ಕೃತಜ್ಞತೆ ಇಲ್ಲಿ ಕೊಡುವುದರಿಂದ ತೀರುವ ಸಾಲವಲ್ಲ, ಹೊತ್ತುಕೊಂಡು ಹೋಗಬೇಕಾದ ಹೊರೆ. ಅಧ್ಯಾಯದ ತಿರುಳು ಇರುವುದು ಈ ಮಣ್ಣಿನಲ್ಲಿ, ಏಳು ಮುಳುಗಿನಲ್ಲಲ್ಲ.

ಕುಕ್ಕೆಯ ಮೃತ್ತಿಕಾ ಪ್ರಸಾದದ ಜೊತೆ ಇದನ್ನಿಟ್ಟು ನೋಡಬಹುದು. ಗರ್ಭಗುಡಿಯ ಹುತ್ತದಿಂದ ವರ್ಷಕ್ಕೊಮ್ಮೆ, ಚಂಪಾಷಷ್ಠಿ ಜಾತ್ರೆಯ ಸಮಯದಲ್ಲಿ, ತೆಗೆದು ಹಂಚುವ ಮೂಲಮೃತ್ತಿಕೆಗೆ ಭಕ್ತರು ಕಾದು ನಿಲ್ಲುತ್ತಾರೆ. ಸಿಕ್ಕ ಚಿಟಿಕೆ ಮಣ್ಣನ್ನು ದೇವರ ಕೋಣೆಯಲ್ಲಿ ಜೋಪಾನವಾಗಿಟ್ಟು, ಮೈಮೇಲೆ ಕಜ್ಜಿ, ತುರಿ ಎದ್ದಾಗ ಹಚ್ಚುವವರುಂಟು. ಸನ್ನಿಧಿಯ ಒಂದು ಪಾಲು ಮನೆಗೆ ಬರುತ್ತದೆ ಎಂಬ ಭಾವ ಎರಡು ಕಡೆಯೂ ಒಂದೇ. ವ್ಯತ್ಯಾಸವೂ ಸಣ್ಣದಲ್ಲ. ಕುಕ್ಕೆಯಲ್ಲಿ ಮಣ್ಣೇ ಮದ್ದು. ನಾಮಾನನಿಗೆ ಮದ್ದಿನ ಅಗತ್ಯ ಮುಗಿದಿತ್ತು. ಅವನ ಮಣ್ಣು ನೆನಪಿಗೆ ಮತ್ತು ಪೂಜೆಗೆ. ಹರಕೆಯಿಂದಲೂ ಇದು ಬೇರೆ. ಹರಕೆ ಎಂದರೆ ಮೊದಲೇ ಆಡಿದ ಮಾತು, ಫಲ ಸಿಕ್ಕ ಮೇಲೆ ತೀರಿಸಲೇಬೇಕು, ತೀರಿಸದಿದ್ದರೆ ಕೇಡು ಎಂಬ ಭಯವೂ ಹಿಂದೆಯೇ ಇರುತ್ತದೆ. ನಾಮಾನ ಯಾವ ಮಾತನ್ನೂ ಮೊದಲು ಕೊಟ್ಟಿರಲಿಲ್ಲ. ಕೃಷ್ಣನ ಮಗ ಸಾಂಬ ಚಂದ್ರಭಾಗಾ ತೀರದಲ್ಲಿ ಸೂರ್ಯನನ್ನು ಆರಾಧಿಸಿ ಕುಷ್ಠದಿಂದ ಪಾರಾಗಿ ಅಲ್ಲೇ ದೇವಾಲಯ ಕಟ್ಟಿಸಿದ ಸಾಂಬಪುರಾಣದ ಕಥೆ ಅವನಿಗೆ ಇನ್ನಷ್ಟು ಹತ್ತಿರ. ಆದರೆ ಸಾಂಬ ಕಟ್ಟಿದ್ದು ಗುಣವಾದ ಜಾಗದಲ್ಲಿ, ನಾಮಾನ ಜಾಗವನ್ನೇ ಹೊತ್ತೊಯ್ದ.

ಮಣ್ಣಿನ ಜೊತೆಗೆ ಇನ್ನೊಂದು ಬೇಡಿಕೆಯಿತ್ತು. ಅರಸ ತನ್ನ ಕೈಯೂರಿಕೊಂಡು ರಿಮ್ಮೋನ್ ದೇವರ ಗುಡಿಗೆ ಹೋಗುವಾಗ ತಾನೂ ಬಗ್ಗಬೇಕಾಗುತ್ತದೆ, ಅದನ್ನು ಕ್ಷಮಿಸಬೇಕು ಎಂದ ನಾಮಾನ. ಎಲೀಷ ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ಸಮಾಧಾನದಿಂದ ಹೋಗು ಎಂದ. ಹೊಸ ಭಕ್ತನ ಹಳೆಯ ನೌಕರಿಯ ಇಕ್ಕಟ್ಟನ್ನು ಇಷ್ಟು ಪ್ರಾಮಾಣಿಕವಾಗಿ ಬಿಚ್ಚಿಡುವ ಭಾಗ ಹೀಬ್ರೂ ಗ್ರಂಥದಲ್ಲಿ ಬೇರೆ ಸಿಗುವುದು ಕಷ್ಟ. ಯೆಹೂದ್ಯರ ಧರ್ಮಶಾಸ್ತ್ರ ಗ್ರಂಥವಾದ ತಾಲ್ಮುದಿನ ಸನ್ಹೆದ್ರಿನ್ ಭಾಗದಲ್ಲಿ ಪಂಡಿತರು ಈ ಉತ್ತರವನ್ನೇ ಹಿಡಿದು, ಅನ್ಯದೇವರಿಗೆ ಬಗ್ಗುವುದಕ್ಕಿಂತ ಪ್ರಾಣ ಬಿಡಬೇಕೆಂಬ ಕಟ್ಟಳೆ ಯೆಹೂದ್ಯನಲ್ಲದವನಿಗೆ ಅನ್ವಯಿಸುತ್ತದೆಯೇ ಎಂದು ಚರ್ಚಿಸಿದ್ದಾರೆ.

ಗೇಹಜಿ

ಅಧ್ಯಾಯದ ಕೊನೆಯ ಪಾಲು ಎಲೀಷನ ಸೇವಕ ಗೇಹಜಿಯದು. ಅಷ್ಟು ಬೆಳ್ಳಿ ಹಿಂದೆ ಹೋಗುವುದನ್ನು ನೋಡಲಾರದೆ ಅವನು ರಥದ ಬೆನ್ನಟ್ಟಿ ಓಡಿದ. ಎಫ್ರಾಯಿಮಿನ ಬೆಟ್ಟಸೀಮೆಯಿಂದ ಇಬ್ಬರು ಪ್ರವಾದಿ ಶಿಷ್ಯರು ಬಂದಿದ್ದಾರೆ, ಅವರಿಗೆ ಒಂದು ತಲಾಂತು ಬೆಳ್ಳಿ, ಎರಡು ಜೊತೆ ಬಟ್ಟೆ ಬೇಕು ಎಂದು ಸುಳ್ಳು ಹೇಳಿದ. ನಾಮಾನ ರಥದಿಂದ ಇಳಿದು ಮಾತಾಡಿಸಿದ, ಎರಡು ತಲಾಂತು ತೆಗೆದುಕೋ ಎಂದು ಒತ್ತಾಯಿಸಿ ಚೀಲದಲ್ಲಿ ಕಟ್ಟಿಸಿ ಕೊಟ್ಟ. ಬಾಗಿಲಲ್ಲಿ ನಿಲ್ಲಿಸಿದ್ದಕ್ಕೆ ಸಿಡಿಮಿಡಿಗೊಂಡಿದ್ದವನು ಸೇವಕನೊಬ್ಬನಿಗಾಗಿ ರಥ ಇಳಿದ ಎಂಬುದನ್ನು ಗಮನಿಸದೆ ಓದುವವರೇ ಹೆಚ್ಚು. ಅವನ ಬದಲಾವಣೆಗೆ ಮೈಯ ಬಣ್ಣಕ್ಕಿಂತ ಇದು ದೊಡ್ಡ ಸಾಕ್ಷಿ. ಮನೆಗೆ ಬಂದ ಗೇಹಜಿಗೆ ಎಲೀಷ ನಾಮಾನನ ರೋಗ ನಿನಗೂ ನಿನ್ನ ಸಂತತಿಗೂ ಅಂಟಲಿ ಎಂದ. ಶಿಕ್ಷೆ ವಿಪರೀತವಾಯಿತು ಎಂದು ತಾಲ್ಮುದಿನ ಪಂಡಿತರಿಗೇ ಅನಿಸಿದೆ: ಎಲೀಷ ಗೇಹಜಿಯನ್ನು ಎರಡು ಕೈಯಿಂದಲೂ ದೂಡಿಬಿಟ್ಟ ಎಂದು ಅವರು ಆಕ್ಷೇಪಿಸಿದ್ದಾರೆ.

ಸಂಪ್ರದಾಯಗಳಲ್ಲಿ

ಯೆಹೂದ್ಯರು ಯಾಜಕಕಾಂಡದ ಚರ್ಮರೋಗ ನಿಯಮಗಳನ್ನು ಓದುವ ವಾರದಲ್ಲಿ ಈ ಪ್ರಸಂಗವನ್ನು ಜೊತೆಗೆ ಓದುತ್ತಾರೆ. ಪವಾಡದ ಎದುರು ತಗ್ಗುವುದನ್ನು ಅವರ ಪರಂಪರೆ ಯಾಕೋಬನಿಂದಲೂ ಕಲಿಯುತ್ತದೆ. ಕೋಲೊಂದನ್ನೇ ಹಿಡಿದು ಯೊರ್ದನ್ ದಾಟಿದವನು ಎರಡು ಪರಿವಾರಗಳೊಡನೆ ಮರಳಿ ಬಂದಾಗ, ಇಷ್ಟು ಕೃಪೆಗೆ ತಾನು ಅಪಾತ್ರನೆಂದ ಮಾತು ಆದಿಕಾಂಡದ 32ನೆಯ ಅಧ್ಯಾಯದಲ್ಲಿದೆ. ಆ ಮಾತಿನ ಆಧಾರದ ಮೇಲೆ ತಾಲ್ಮುದ್ ಒಂದು ಎಚ್ಚರಿಕೆ ಕೊಡುತ್ತದೆ: ಪವಾಡ ನಡೆದರೆ ಅದರ ಬೆಲೆಯನ್ನು ಆ ಮನುಷ್ಯನ ಪುಣ್ಯದಿಂದ ಕಳೆಯಲಾಗುತ್ತದೆ. ಪವಾಡ ಕಂಡವನು ಬೀಗುವಂತಿಲ್ಲ, ಅವನ ಗಂಟು ಕರಗಿದೆ. ಸಮುದ್ರ ದಾಟಿದವರು, ಮರುಭೂಮಿ ದಾಟಿದವರು, ಕಾಯಿಲೆಯಿಂದ ಎದ್ದವರು, ಸೆರೆಯಿಂದ ಬಿಡುಗಡೆಯಾದವರು ಬಹಿರಂಗವಾಗಿ ದೇವರಿಗೆ ಕೃತಜ್ಞತೆ ಹೇಳಬೇಕೆಂಬ ಕಟ್ಟಳೆಯೂ ತಾಲ್ಮುದಿನ ಬೆರಾಖೋತ್ ಭಾಗದಲ್ಲಿದೆ.

ಕ್ರೈಸ್ತರಲ್ಲಿ ಯೇಸು ನಾಮಾನನ ಹೆಸರೆತ್ತುವುದು ಲೂಕನ ಸುವಾರ್ತೆಯ 4ನೆಯ ಅಧ್ಯಾಯದಲ್ಲಿ. ಇಸ್ರೇಲಿನಲ್ಲಿ ಎಷ್ಟೋ ರೋಗಿಗಳಿದ್ದರೂ ಗುಣವಾದವನು ಪರದೇಶಿ ಎಂದಾಗ ನಜರೇತಿನ ಜನ ಸಿಟ್ಟಿಗೆದ್ದು ಅವನನ್ನು ಗುಡ್ಡದಿಂದ ತಳ್ಳಲು ಹೊರಟರು. ಕಥೋಲಿಕ ಪೂಜಾವಿಧಿ ನಾಮಾನ ಪ್ರಸಂಗವನ್ನು ಮೂರು ವರ್ಷಕ್ಕೊಮ್ಮೆ, ಸಾಧಾರಣ ಕಾಲದ 28ನೆಯ ಭಾನುವಾರ, ಯೇಸು ಗುಣಪಡಿಸಿದ ಹತ್ತು ರೋಗಿಗಳಲ್ಲಿ ಒಬ್ಬನೇ ಕೃತಜ್ಞತೆ ಹೇಳಲು ಹಿಂದಿರುಗಿ ಬಂದ ಸುವಾರ್ತೆಯ ಜೊತೆ ಓದಿಸುತ್ತದೆ. 1963ರಲ್ಲಿ ಸ್ಥಾಪನೆಯಾದ ಚಿಕ್ಕಮಗಳೂರು ಧರ್ಮಪ್ರಾಂತ್ಯಕ್ಕೆ ಸೇರಿದ ಹಾಸನ ಜಿಲ್ಲೆಯ ಚರ್ಚುಗಳಲ್ಲೂ ಅದೇ ಪಾಠ. ಕನ್ನಡದಲ್ಲಿ ಈ ಕಥೆ ಅಚ್ಚಿಗೆ ಬಂದದ್ದು ಬಳ್ಳಾರಿಯ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್, ವಿಲಿಯಂ ರೀವ್ ಮೊದಲಾದವರ ದುಡಿಮೆಯಿಂದ. ಬೈಬಲಿನ ಪೂರ್ಣ ಅನುವಾದ 1831ರಲ್ಲಿ ಮುಗಿಯಿತು.

ರೋಗದ ಗುರುತು

ನಾಮಾನನ ರೋಗವನ್ನು ಕನ್ನಡ ಬೈಬಲುಗಳು ಕುಷ್ಠವೆಂದೇ ಹೇಳುತ್ತಾ ಬಂದಿವೆ. ಇಂದಿನ ವೈದ್ಯರು ಹೇಳುವ ಕುಷ್ಠ ಇದಲ್ಲ ಎಂಬುದು ಈಗ ಬಹುಮಟ್ಟಿಗೆ ಒಪ್ಪಿತ ಅಭಿಪ್ರಾಯ. ಹಿಮದಂತೆ ಬಿಳುಪಾಗುವುದು ಗ್ರಂಥದ ವರ್ಣನೆ. ಸ್ಪರ್ಶಜ್ಞಾನ ಹೋಗುವುದು, ಬೆರಳು ಮೊಟಕಾಗುವುದು ಮುಂತಾದ ಕುಷ್ಠದ ಲಕ್ಷಣಗಳ ಸುಳಿವೇ ಅಲ್ಲಿಲ್ಲ. ಜೊತೆಗೆ ನಾಮಾನ ರೋಗವಿದ್ದೂ ದಂಡು ನಡೆಸುತ್ತಿದ್ದ, ಅರಸನಿಗೆ ತೋಳು ಕೊಡುತ್ತಿದ್ದ. ಎರಡೇ ಅಧ್ಯಾಯ ಮುಂದೆ ಸಮಾರ್ಯದ ಊರಬಾಗಿಲ ಹೊರಗೆ ಹಸಿದು ಕೂತ ನಾಲ್ವರು ರೋಗಿಗಳಿಗೆ ಆ ಭಾಗ್ಯವಿರಲಿಲ್ಲ.

ಆದರೂ ಕುಷ್ಠವೆಂಬ ಪದ ಅಂಟಿಕೊಂಡಿತು, ಗೇಹಜಿಗೆ ತಗುಲಿದ ಶಾಪವೂ ಅದರ ಜೊತೆಗೇ ಬಂತು. ಪಾಪದ ಫಲ, ವಂಶಕ್ಕೆ ಬರುವ ರೋಗ ಎಂಬ ಎಣಿಕೆ ಯುರೋಪಿನಲ್ಲೂ ಇಲ್ಲೂ ಗಟ್ಟಿಯಾಗಿತ್ತು. ನಾರ್ವೆಯ ಅರ್ಮಾವರ್ ಹ್ಯಾನ್ಸನ್ 1873ರಲ್ಲಿ ಕುಷ್ಠದ ರೋಗಾಣುವನ್ನು ಗುರುತಿಸಿದ ಮೇಲೆ ಅನುವಂಶಿಕತೆಯ ವಾದ ಬಿದ್ದುಹೋಯಿತು, ಭಯ ಬೀಳಲಿಲ್ಲ. ವನಗೂರಿನ ಗುಡ್ಡಗಳಿಂದ ಘಟ್ಟದ ಕೆಳಗೆ, ಮಂಗಳೂರಿನ ಕಂಕನಾಡಿಯಲ್ಲಿ, 1880ರಲ್ಲಿ ಹೋಮಿಯೋಪಥಿ ಔಷಧ ಹಂಚಲು ಆರಂಭಿಸಿದ ಜರ್ಮನ್ ಜೆಸ್ವಿಟ್ ಪಾದ್ರಿ ಆಗಸ್ಟಸ್ ಮುಲ್ಲರ್ 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯಧಾಮ ತೆರೆದರು. ವಿಶ್ವ ಆರೋಗ್ಯ ಸಂಸ್ಥೆ 1981ರಲ್ಲಿ ಡ್ಯಾಪ್ಸೋನ್, ರಿಫಾಂಪಿಸಿನ್, ಕ್ಲೋಫಜಿಮಿನ್ ಸೇರಿದ ಬಹುಔಷಧ ಚಿಕಿತ್ಸೆಯನ್ನು ಶಿಫಾರಸು ಮಾಡಿದ ಮೇಲೆ ಕುಷ್ಠ ಪೂರ್ತಿ ಗುಣವಾಗುವ ಕಾಯಿಲೆಯಾಯಿತು. 10,000 ಜನರಿಗೆ ಒಬ್ಬರಿಗಿಂತ ಕಡಿಮೆ ರೋಗಿಗಳಿರುವ ಮಟ್ಟವನ್ನು ಭಾರತ 2005ರ ಕೊನೆಯಲ್ಲಿ ಮುಟ್ಟಿತು. ಬಡ ರೋಗಿಗಳನ್ನು ಹಿಡಿದು ಬೇರೆಯಿಡಲು ಅವಕಾಶ ಕೊಟ್ಟಿದ್ದ 1898ರ ಕಾಯ್ದೆ ರದ್ದಾದದ್ದು 2016ರಲ್ಲಿ. ಗಂಡ ಅಥವಾ ಹೆಂಡತಿಗೆ ಕುಷ್ಠವಿದೆ ಎಂಬ ಕಾರಣ ಕೊಟ್ಟು ವಿಚ್ಛೇದನ ಪಡೆಯುವ ಅವಕಾಶವನ್ನು ಹಿಂದೂ ವಿವಾಹ ಕಾಯ್ದೆಯಿಂದಲೂ ಕ್ರೈಸ್ತರ ವಿಚ್ಛೇದನ ಕಾಯ್ದೆಯಿಂದಲೂ ಸಂಸತ್ತು ತೆಗೆದುಹಾಕಿದ್ದು 2019ರಲ್ಲಿ.