ದುರ್ಬೀನು ಹಿಡಿದವನ ಹೆಸರು: ಹಳೆಯ ಉಪಕರಣಗಳ ಜಾಹೀರಾತು ಮತ್ತು ವಿಜ್ಞಾನಿಗಳ ಭಾವಚಿತ್ರ

ಚಾಮರಾಜನಗರ ಸೀಮೆಯ ಹರವೆ ಕಡೆಯ ಹೊಲಗಳಲ್ಲಿ ಬದುವಿನ ತಕರಾರು ಎದ್ದರೆ ಮೊದಲು ಹುಡುಕುವುದು ಬಾಂದು ಕಲ್ಲನ್ನು. ಆಮೇಲೆ ಸರ್ವೆಯವರು ಬರುತ್ತಾರೆ, ಸರಪಳಿ ಎಳೆಯುತ್ತಾರೆ, ಗುಂಟೆ ಲೆಕ್ಕ ಹೇಳುತ್ತಾರೆ. ಈ ಗುಂಟೆಯ ಈಗಿನ ಅಳತೆ ಒಂದು ಉಪಕರಣದ ಲೆಕ್ಕಕ್ಕೆ ಹೊಂದಿಕೊಂಡಿದೆ. 1620ರಲ್ಲಿ ಇಂಗ್ಲೆಂಡಿನ ಗಣಿತಜ್ಞ ಎಡ್ಮಂಡ್ ಗಂಟರ್ ಬಳಕೆಗೆ ತಂದ ಸರಪಳಿಯ ಉದ್ದ 66 ಅಡಿ, ಅದರಲ್ಲಿ 100 ಕೊಂಡಿ. ಅದರ ಅರ್ಧ 33 ಅಡಿ. ಉದ್ದಗಲ 33 ಅಡಿಯಿರುವ ಚೌಕವೇ ಒಂದು ಗುಂಟೆ, ಅಂದರೆ 1,089 ಚದರಡಿ. ಅಂಥ 40 ಗುಂಟೆ ಸೇರಿದರೆ ಒಂದು ಎಕರೆ.

ಅಳತೆಯ ಇಂಥ ಸಾಮಾನುಗಳನ್ನು ಮಾಡಿದವರು ಅವುಗಳನ್ನು ಮಾರಲು ಚಿತ್ರ ಅಚ್ಚು ಹಾಕಿಸಿದರು. ಅವುಗಳಿಂದ ಹೆಸರು ಗಳಿಸಿದವರು ತಮ್ಮ ಭಾವಚಿತ್ರ ಬರೆಸಿಕೊಂಡರು. ಈ ಎರಡು ಬಗೆಯ ಚಿತ್ರಗಳ ಕಥೆ ಲಂಡನ್ನಿನಲ್ಲಿ ಶುರುವಾಗಿ ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯನ್ನು ಹಾದುಹೋಗುತ್ತದೆ.

ಅಂಗಡಿಯ ಚೀಟಿಯೇ ಜಾಹೀರಾತು

18ನೆಯ ಶತಮಾನದ ಲಂಡನ್ ವೈಜ್ಞಾನಿಕ ಉಪಕರಣಗಳ ದೊಡ್ಡ ಪೇಟೆ. ದುರ್ಬೀನು, ಸೂಕ್ಷ್ಮದರ್ಶಕ, ದಿಕ್ಸೂಚಿ, ಗೋಳ, ವಾಯುಭಾರಮಾಪಕ ಎಲ್ಲಕ್ಕೂ ಫ್ಲೀಟ್ ಸ್ಟ್ರೀಟ್, ಸ್ಟ್ರ್ಯಾಂಡ್‌ ಬೀದಿಗಳಲ್ಲಿ ಅಂಗಡಿಗಳಿದ್ದವು. ತಾಮ್ರದ ತಗಡಿನಲ್ಲಿ ಕೊರೆದು ಅಚ್ಚು ಹಾಕಿದ ವ್ಯಾಪಾರದ ಚೀಟಿಯೇ ಅವರ ಮುಖ್ಯ ಜಾಹೀರಾತು. ಅದರಲ್ಲಿ ಅಂಗಡಿಯ ಹೆಸರು, ವಿಳಾಸ ಮತ್ತು ಸರಕಿನ ಪಟ್ಟಿ ಇರುತ್ತಿತ್ತು. ಅಂಚಿನ ಸುತ್ತ ಬಳ್ಳಿಯಲ್ಲಿ ಕಾಯಿ ಜೋತುಬಿದ್ದ ಹಾಗೆ ಉಪಕರಣಗಳ ಚಿತ್ರ. ಪರದೇಶದ ಗಿರಾಕಿಗಳಿಗಾಗಿ ಕೆಲವರು ಅದೇ ಚೀಟಿಯಲ್ಲಿ ಫ್ರೆಂಚ್ ಭಾಷೆಯನ್ನೂ ಸೇರಿಸುತ್ತಿದ್ದರು. ಎಷ್ಟೋ ಸಲ ಅದರ ಹಿಂಬದಿಯೇ ರಸೀದಿಯಾಗುತ್ತಿತ್ತು.

1760ರ ದಶಕದವರೆಗೆ ಲಂಡನ್ನಿನ ಕಟ್ಟಡಗಳಿಗೆ ಬಾಗಿಲ ಸಂಖ್ಯೆ ಹಾಕುವ ರೂಢಿ ಇರಲಿಲ್ಲ. ಬಾಗಿಲ ಮೇಲೆ ತೂಗುಬಿಟ್ಟ ಹಲಗೆಯ ಚಿತ್ರವೇ ಗುರುತು. ಫ್ಲೀಟ್ ಸ್ಟ್ರೀಟಿನ ಜಾರ್ಜ್ ಆಡಮ್ಸ್ ತನ್ನ ಅಂಗಡಿಗೆ ಡೆನ್ಮಾರ್ಕಿನ ಖಗೋಳಜ್ಞ ಟೈಕೊ ಬ್ರಾಹೆಯ ತಲೆಯನ್ನು ಗುರುತಾಗಿ ಇಟ್ಟುಕೊಂಡಿದ್ದ. ಸೋಹೊ ಭಾಗದ ಕನ್ನಡಕ ತಯಾರಕ ಎಡ್ವರ್ಡ್ ಸ್ಕಾರ್ಲೆಟ್‌ನ ಗುರುತು ಆರ್ಕಿಮಿಡೀಸ್ ಮತ್ತು ಒಂದು ಗೋಳ. ನಮ್ಮ ಅಂಗಡಿಗಳಲ್ಲಿ ದೇವರ ಪಟವೇ ಗುರುತಾಗುವುದುಂಟು. ಅಲ್ಲಿ ಆ ಜಾಗದಲ್ಲಿ ಕುಳಿತವನು ವಿಜ್ಞಾನಿ. ವಿಜ್ಞಾನಿಯ ಮುಖ ಸರಕಿನ ಮೇಲೆ ನಂಬಿಕೆ ಹುಟ್ಟಿಸುತ್ತದೆ ಎಂಬುದನ್ನು ವ್ಯಾಪಾರಿಗಳು ಅಷ್ಟು ಹಿಂದೆಯೇ ಕಂಡುಕೊಂಡಿದ್ದರು.

ಇಂಥ ಚೀಟಿಗಳನ್ನು ಕಸವೆಂದು ಎಸೆಯದೆ ಕೂಡಿಟ್ಟವರೂ ಇದ್ದರು. ಸಸ್ಯವಿಜ್ಞಾನಿ ಜೋಸೆಫ್ ಬ್ಯಾಂಕ್ಸ್‌ನ ತಂಗಿ ಸಾರಾ ಸೋಫಿಯಾ ಬ್ಯಾಂಕ್ಸ್ ಅವರಲ್ಲಿ ಪ್ರಮುಖಳು. ಅವಳ ಸಂಗ್ರಹ ಬ್ರಿಟಿಷ್ ಮ್ಯೂಸಿಯಂನಲ್ಲಿದೆ.

ತಯಾರಕನಿಗೂ ಒಂದು ಭಾವಚಿತ್ರ

ಉಪಕರಣ ಮಾಡುವವನು ಕಸುಬುದಾರ, ಬಳಸುವವನು ವಿದ್ವಾಂಸ ಎಂಬ ಮೇಲು ಕೀಳು ಆ ಕಾಲದಲ್ಲಿತ್ತು. ಅದನ್ನು ದಾಟಿದವನು ಜೆಸ್ಸಿ ರಾಮ್ಸ್‌ಡೆನ್. ಹಿತ್ತಾಳೆಯ ಚಕ್ರದ ಮೇಲೆ ಡಿಗ್ರಿ ಗೆರೆಗಳನ್ನು ಕೈಯಿಂದ ಕೊರೆಯುವಾಗ ತಪ್ಪು ನುಸುಳುತ್ತಿತ್ತು. ಅವನು ಆ ಕೆಲಸಕ್ಕೇ ಯಂತ್ರವೊಂದನ್ನು ಮಾಡಿ, ಅದರ ವಿವರವನ್ನು 1777ರಲ್ಲಿ ಪ್ರಕಟಿಸಿದ. ರಾಬರ್ಟ್ ಹೋಮ್ ಬರೆದ ಅವನ ಭಾವಚಿತ್ರ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿದೆ. ಅದರಲ್ಲಿ ಅವನ ಪಕ್ಕಕ್ಕೆ ಈ ಯಂತ್ರವಿದೆ. ಹಿಂದೆ ನಿಂತಿರುವುದು ಇಟಲಿಯ ಪಲೆರ್ಮೊ ವೀಕ್ಷಣಾಲಯಕ್ಕಾಗಿ ಅವನು ಮಾಡಿಕೊಟ್ಟ ದೊಡ್ಡ ಚಕ್ರ. ಚಿತ್ರ ನೋಡಿದವರಿಗೆ ಆಳಿನ ಜೊತೆ ಅವನ ಸರಕೂ ಕಾಣುತ್ತದೆ. ಭಾವಚಿತ್ರಕ್ಕೂ ಜಾಹೀರಾತಿಗೂ ನಡುವಿನ ಗೆರೆ ಇಲ್ಲಿ ಬಹಳ ತೆಳು.

ಇದೇ ರಾಬರ್ಟ್ ಹೋಮ್ 1791ರಲ್ಲಿ ಭಾರತಕ್ಕೆ ಬಂದ. ಟಿಪ್ಪು ಸುಲ್ತಾನನ ವಿರುದ್ಧ ಹೊರಟ ಕಾರ್ನ್‌ವಾಲಿಸನ ಸೈನ್ಯದ ಜೊತೆ ತಿರುಗಿ ಮೈಸೂರು ರಾಜ್ಯದ ಕೋಟೆಗಳನ್ನೂ ಬೆಟ್ಟಗಳನ್ನೂ ಬರೆದ. ಆ ಚಿತ್ರಗಳ ಪುಸ್ತಕ 1794ರಲ್ಲಿ ಹೊರಬಂತು.

ಮೈಸೂರು ಸೀಮೆಗೆ ಬಂದ ಸಾಮಾನು

1799ರಲ್ಲಿ ಶ್ರೀರಂಗಪಟ್ಟಣ ಬಿದ್ದಮೇಲೆ ಎರಡು ಸರ್ವೆಗಳು ಈ ನೆಲಕ್ಕೆ ಬಂದವು. ಒಂದು ವಿಲಿಯಂ ಲ್ಯಾಂಬ್ಟನ್ನನ ತ್ರಿಕೋನಮಿತಿ ಸರ್ವೆ. ಇನ್ನೊಂದು ಕಾಲಿನ್ ಮೆಕೆಂಜಿಯ ಮೈಸೂರು ಸರ್ವೆ.

ತ್ರಿಕೋನ ಸರ್ವೆಯ ತತ್ವ ಸರಳ. ನೆಲದ ಮೇಲೆ ಒಂದು ಗೆರೆಯನ್ನು ಮಾತ್ರ ಸರಪಳಿಯಿಂದ ಅಳೆಯಬೇಕು. ಅದರ ಎರಡು ತುದಿಗಳಿಂದ ದೂರದ ಒಂದು ಬೆಟ್ಟಕ್ಕೆ ಕೋನ ಹಿಡಿದರೆ ಉಳಿದೆರಡು ಭುಜಗಳ ಉದ್ದ ಲೆಕ್ಕದಿಂದಲೇ ಸಿಗುತ್ತದೆ. ಆ ಭುಜದ ಮೇಲೆ ಮತ್ತೊಂದು ತ್ರಿಕೋನ, ಅದರ ಮೇಲೆ ಇನ್ನೊಂದು. ಹೀಗೆ ಬೆಟ್ಟದಿಂದ ಬೆಟ್ಟಕ್ಕೆ ನೆಗೆಯುತ್ತ ದೇಶವನ್ನೇ ಅಳೆಯಬಹುದು. ಕೋನ ಹಿಡಿಯುವ ಸಾಧನವೇ ಥಿಯೊಡೊಲೈಟ್: ಗೆರೆ ಕೊರೆದ ಚಕ್ರದ ಮೇಲೆ ತಿರುಗುವ ದುರ್ಬೀನು.

1800ರ ಕೊನೆಯಲ್ಲಿ ಬೆಂಗಳೂರಿನ ಬಳಿ ಲ್ಯಾಂಬ್ಟನ್ ಏಳು ಮೈಲಿಗೂ ಹೆಚ್ಚು ಉದ್ದದ ಆಧಾರ ಗೆರೆಯನ್ನು ಅಳೆದ. ಬಳಸಿದ್ದು ರಾಮ್ಸ್‌ಡೆನ್ ಮಾಡಿದ 100 ಅಡಿಯ ಉಕ್ಕಿನ ಸರಪಳಿ. ಚೀನಾದ ಚಕ್ರವರ್ತಿಗೆಂದು ಒಯ್ದ ಕಾಣಿಕೆಗಳಲ್ಲಿ ಅದೂ ಒಂದಾಗಿತ್ತು. ಅಲ್ಲಿ ಬೇಡವೆನ್ನಿಸಿಕೊಂಡು ಕಲ್ಕತ್ತೆಗೆ ಬಂದು, ಕೊನೆಗೆ ಕನ್ನಡ ನೆಲವನ್ನು ಅಳೆಯಿತು.

ಲ್ಯಾಂಬ್ಟನ್ನನ ದೊಡ್ಡ ಥಿಯೊಡೊಲೈಟನ್ನು ಮಾಡಿದವನು ರಾಮ್ಸ್‌ಡೆನ್‌ನ ಶಿಷ್ಯ ವಿಲಿಯಂ ಕ್ಯಾರಿ. ಚಕ್ರದ ಅಡ್ಡಗಲ 36 ಅಂಗುಲ, ತೂಕ ಸುಮಾರು ಅರ್ಧ ಟನ್. ಬರುವ ದಾರಿಯಲ್ಲಿ ಅದು ಫ್ರೆಂಚರ ಕೈಗೆ ಸಿಕ್ಕಿ ಮಾರಿಷಸ್ ಸೇರಿತು. ಅಲ್ಲಿನವರು ಮರ್ಯಾದೆಯಿಂದಲೇ ಅದನ್ನು ಮದರಾಸಿಗೆ ಕಳಿಸಿಕೊಟ್ಟರು. 1808ರಲ್ಲಿ ತಂಜಾವೂರಿನ ದೇವಾಲಯದ ಗೋಪುರಕ್ಕೆ ಏರಿಸುವಾಗ ಹಗ್ಗ ಹರಿದು ಗೋಡೆಗೆ ಬಡಿದು ಚಕ್ರ ಸೊಟ್ಟಗಾಯಿತು. ಲ್ಯಾಂಬ್ಟನ್ ವಾರಗಟ್ಟಲೆ ಕೂತು ಅದನ್ನು ಎಳೆದೆಳೆದು ಮತ್ತೆ ದುಂಡಗೆ ಮಾಡಿದ. ಅವನ ಭಾವಚಿತ್ರವನ್ನು 1822ರಲ್ಲಿ ವಿಲಿಯಂ ಹ್ಯಾವೆಲ್ ಬರೆದ. ಮರುವರ್ಷವೇ ಲ್ಯಾಂಬ್ಟನ್ ತೀರಿಕೊಂಡ.

ಹಿಕಿಯ ಚಿತ್ರದಲ್ಲಿ ನಾಲ್ವರು

ಕಾಲಿನ್ ಮೆಕೆಂಜಿ ಸ್ಕಾಟ್ಲೆಂಡಿನ ಲೂಯಿಸ್ ದ್ವೀಪದವನು. 1783ರಲ್ಲಿ ಭಾರತಕ್ಕೆ ಬಂದ, 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆದ. ಮರುವರ್ಷ ಐರಿಷ್ ಕಲಾವಿದ ಥಾಮಸ್ ಹಿಕಿ ಅವನನ್ನು ಎಣ್ಣೆಬಣ್ಣದಲ್ಲಿ ಬರೆದ. ಹಿಕಿ 1799ರ ಯುದ್ಧದ ನಂತರ ಮೈಸೂರಿನವರನ್ನು ಕಂಡು ಚಿತ್ರಿಸಿದ್ದವನು. ಮೆಕೆಂಜಿಯ ಚಿತ್ರ ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ.

ಚಿತ್ರದ ನಡುವೆ ಕೆಂಪು ಸಮವಸ್ತ್ರದ ಮೆಕೆಂಜಿ. ಅವನ ಸುತ್ತ ಮೂವರು ಭಾರತೀಯರು. ಜೈನ ಪಂಡಿತ ಧರ್ಮಯ್ಯನ ಕೈಯಲ್ಲಿ ಓಲೆಗರಿ. ಇನ್ನೊಬ್ಬ ಕಾವಲಿ ವೆಂಕಟ ಲಕ್ಷ್ಮಯ್ಯ. 1803ರಲ್ಲಿ ಅಣ್ಣ ಬೊರಯ್ಯ ತೀರಿಕೊಂಡಮೇಲೆ ಮೆಕೆಂಜಿಯ ಸಂಗ್ರಹದ ಕೆಲಸ ಹೊತ್ತವನು. ಮೂರನೆಯವನು ಜವಾನ ಕಿಸ್ತ್ನಾಜಿ, ದುರ್ಬೀನು ಇರುವುದು ಅವನ ಕೈಯಲ್ಲಿ. ಹಿನ್ನೆಲೆಯಲ್ಲಿ ಕಾರ್ಕಳದ ಬೆಟ್ಟದ ಮೇಲೆ 1432ರಲ್ಲಿ ನಿಲ್ಲಿಸಿದ ಗೋಮಟ.

ರಾಮ್ಸ್‌ಡೆನ್‌ನ ಚಿತ್ರದ ಜೊತೆ ಇದನ್ನು ಹೋಲಿಸಿ ನೋಡಬೇಕು. ಅಲ್ಲಿ ಉಪಕರಣ ತಾನೇ ತಾನಾಗಿ ನಿಂತಿದೆ. ಇಲ್ಲಿ ಅದನ್ನು ಹೊತ್ತವನಿದ್ದಾನೆ. ಜಾಹೀರಾತಿನ ಚೀಟಿಯಲ್ಲಿ ಥಿಯೊಡೊಲೈಟ್ ಹೊಳೆಯುತ್ತದೆ, ಆದರೆ ಅರ್ಧ ಟನ್ ತೂಕವನ್ನು ಬೆಟ್ಟಕ್ಕೆ ಹೊತ್ತ ಹೆಗಲು ಅಲ್ಲಿ ಕಾಣದು. ಹಿಕಿಯ ಚಿತ್ರವೂ ಸಾಹೇಬನ ದೊಡ್ಡಸ್ತಿಕೆಗೆಂದೇ ಬರೆದದ್ದು, ನಿಜ. ಆದರೂ ಜವಾನನ ಹೆಸರು ಸಹಿತ ಉಳಿದುಬಂದ ಇಂಥ ಚಿತ್ರ ಆ ಕಾಲದಲ್ಲಿ ಅಪರೂಪ.

ಮಲೆಯೂರಿನ ದೇವಚಂದ್ರ

ಮೆಕೆಂಜಿಗೆ ನಕ್ಷೆಯೊಂದೇ ಸಾಲಲಿಲ್ಲ. ಸುಮಾರು 40,000 ಚದರ ಮೈಲಿಯ ಮೈಸೂರು ಸರ್ವೆಯ ಜೊತೆಗೆ ಊರೂರಿನ ಶಾಸನ, ಕೈಫಿಯತ್ತು (ಊರಿನ ಚರಿತ್ರೆಯ ಬರಹ), ನಾಣ್ಯಗಳನ್ನೂ ಕೂಡಿಹಾಕಿಸಿದ. ಅವನು 1821ರಲ್ಲಿ ಸತ್ತಮೇಲೆ ಎಚ್. ಎಚ್. ವಿಲ್ಸನ್ 1828ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ 8,076 ಶಾಸನ ಪ್ರತಿಗಳು, 2,630 ಚಿತ್ರಗಳು, 6,218 ನಾಣ್ಯಗಳಿವೆ.

ಈ ಸಂಗ್ರಹಕ್ಕೆ ಹರವೆ ಸೀಮೆಯ ನಂಟೂ ಇದೆ. ಮಲೆಯೂರಿನ ಕನಕಗಿರಿ ಹಳೆಯ ಜೈನ ಕ್ಷೇತ್ರ. ಕವಿ ದೇವಚಂದ್ರ ಅಲ್ಲಿಯವನು. ಇಂದಿನ ಚಾಮರಾಜನಗರಕ್ಕೆ ಇನ್ನೂ ಅರಿಕುಠಾರವೆಂದೇ ಹೆಸರಿದ್ದ 1804ರಲ್ಲಿ ಮೆಕೆಂಜಿ ಸರ್ವೆಗೆಂದು ಈ ಕಡೆ ಬಂದು ಸ್ಥಳಪುರಾಣ ಕೇಳಿದ. ದೇವಚಂದ್ರ ತನಗೆ ಗೊತ್ತಿದ್ದುದನ್ನು ತಿಳಿಸಿ, ಕೆಲಕಾಲ ಅವನ ಜೊತೆಯಲ್ಲೇ ಇದ್ದ. ಆಗ ಹಿಡಿದ ಚರಿತ್ರೆಯ ಗೀಳು ಅವನನ್ನು ಬಿಡಲಿಲ್ಲ. ಮುಂದೆ ಮೈಸೂರು ಅರಮನೆಯ ದೇವಿರಮ್ಮಣ್ಣಿಗಾಗಿ ‘ರಾಜಾವಳಿ ಕಥೆ’ಯನ್ನು ಬರೆದ.

ಹಳೆಯ ಚಿತ್ರ ಓದುವಾಗ

ಇಂಥ ಚಿತ್ರ ಕೈಗೆ ಸಿಕ್ಕರೆ ಮೊದಲು ಉಪಕರಣ ಎಲ್ಲಿದೆ ನೋಡಬೇಕು: ಯಜಮಾನನ ಕೈಯಲ್ಲೋ, ಮೇಜಿನ ಮೇಲೋ, ಆಳಿನ ಹೆಗಲಲ್ಲೋ. ಎರಡನೆಯದು ತಯಾರಕನ ಹೆಸರು. ಹಿತ್ತಾಳೆಯ ಮೇಲೆ ಕೊರೆದ ಹೆಸರೂ ಊರೂ ಆ ಸಾಮಾನಿನ ಕಾಲವನ್ನು ಹೇಳುತ್ತವೆ. ಅದನ್ನು ತಿಕ್ಕಿ ಹೊಳಪು ಮಾಡಿದರೆ ಹೆಸರೂ ಸವೆದುಹೋಗುತ್ತದೆ. ಮೂರನೆಯದು ಹಿನ್ನೆಲೆ. ಕಾರ್ಕಳದ ಗೋಮಟನಂತೆ, ಕೆಲಸ ನಡೆದ ನೆಲದ ಗುರುತು ಅಲ್ಲಿರುತ್ತದೆ. ಕೊನೆಯದು ಪಕ್ಕದಲ್ಲಿ ನಿಂತವರ ಹೆಸರು. ಎಷ್ಟೋ ಚಿತ್ರಗಳಲ್ಲಿ ಅದನ್ನು ಯಾರೂ ಬರೆದಿಟ್ಟಿಲ್ಲ.

ಹಿಕಿಯ ಚಿತ್ರದಲ್ಲಿ ದೇವಚಂದ್ರ ಇಲ್ಲ. ಆದರೆ ಅವನ ‘ರಾಜಾವಳಿ ಕಥೆ’ ಅಚ್ಚಾಗಿದೆ, ಓದಲು ಸಿಗುತ್ತದೆ.