ಕಲ್ಲು ಹಿಟ್ಟಾದ ಊರು

ಕೋಲಾರದ ಚಿನ್ನದ ಗಣಿ ಎಂದರೆ ಎಲ್ಲರೂ ಆಳದ ಮಾತಾಡುತ್ತಾರೆ. ಅಲ್ಲಿನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಕೆಳಗೆ ಇಳಿದದ್ದು ನಿಜವೇ. ನಾನು ಅಲ್ಲಿ ಅದಿರು ಅರೆಯುವ ಮಿಲ್ಲಿನ ಲ್ಯಾಬಿನಲ್ಲಿ ಜರಡಿ ಹಿಡಿದು ಬದುಕಿದವನು. ನನ್ನ ಮಟ್ಟಿಗೆ ಅದು ಕಲ್ಲು ಅರೆದ ಊರು.

1802ರಲ್ಲಿ ಲೆಫ್ಟಿನೆಂಟ್ ಜಾನ್ ವಾರನ್ ಇಲ್ಲಿನ ಮಾರಿಕುಪ್ಪಕ್ಕೆ ಬಂದಾಗ, ಗಂಡಸರು ಗುಂಡಿಯಿಂದ ತೆಗೆದ ಕಲ್ಲನ್ನು ಹೆಂಗಸರು ಬಂಡೆಯ ಮೇಲೆ ಕುಟ್ಟಿ, ಪುಡಿ ತೊಳೆದು ಚಿನ್ನ ತೆಗೆಯುತ್ತಿದ್ದರು. 1880ರಲ್ಲಿ ಬಂದ ಜಾನ್ ಟೇಲರ್ ಕಂಪನಿಯ ಕಾಲದಲ್ಲಿ ಆ ಕೆಲಸ ಸ್ಟಾಂಪ್ ಮಿಲ್ಲಿಗೆ ಹೋಯಿತು. ಕಬ್ಬಿಣದ ಒನಕೆಗಳು ಎದ್ದು ಬಿದ್ದು ನೀರಿನಲ್ಲಿದ್ದ ಅದಿರನ್ನು ಜಜ್ಜುತ್ತಿದ್ದವು. ಜಾಲರಿ ದಾಟಿದ ಕೆಸರು ಪಾದರಸ ಸವರಿದ ತಾಮ್ರದ ತಗಡಿನ ಮೇಲೆ ಹರಿಯುತ್ತಿತ್ತು, ಚಿನ್ನ ಪಾದರಸಕ್ಕೆ ಅಂಟಿಕೊಳ್ಳುತ್ತಿತ್ತು.

ಚಿನ್ನ ಅಡಗಿರುವ ಬೆಣಚುಕಲ್ಲು ಒಡೆಯುವುದು ತನ್ನೊಳಗಿನ ಬಿರುಕಿನಿಂದ. ಏಟು ಬಿದ್ದಾಗ ಒತ್ತಡ ಬಿರುಕಿನ ತುದಿಯಲ್ಲಿ ಸೇರುತ್ತದೆ, ಬಿರುಕು ಓಡುತ್ತದೆ. ಗಾಜಿನ ವಿಷಯದಲ್ಲಿ ಇದನ್ನು 1921ರಲ್ಲಿ ವಿಜ್ಞಾನಿ ಗ್ರಿಫಿತ್ ಲೆಕ್ಕ ಹಾಕಿ ತೋರಿಸಿದರು. ಒಡೆಯುತ್ತ ಹೋದಂತೆ ದೊಡ್ಡ ಬಿರುಕುಗಳೆಲ್ಲ ಮುಗಿಯುತ್ತವೆ, ಉಳಿದ ಚೂರು ಗಟ್ಟಿಯಾಗುತ್ತದೆ. ಮುಷ್ಟಿ ಗಾತ್ರದ ಕಲ್ಲು ಸುಲಭ. 200 ಮೆಶ್, ಅಂದರೆ 0.074 ಮಿ.ಮೀ. ಕಣ್ಣಿನ ಜರಡಿ ದಾಟಿಸುವುದು ಕಷ್ಟ. ಕರೆಂಟು ಖರ್ಚಾಗುವುದು ಅಲ್ಲಿಯೇ, ಅದರಲ್ಲೂ ಬಹುಪಾಲು ಬರೀ ಬಿಸಿಯಾಗಿ ಹೋಗುತ್ತದೆ. ನುಣ್ಣಗೆ ಅರೆಯಲು ಗುಂಡು ತುಂಬಿ ಉರುಳಿಸುವ ಮಿಲ್ಲಿನೊಳಗೆ ಎತ್ತರದಿಂದ ಬಿದ್ದ ಗುಂಡು ಕಲ್ಲನ್ನು ಸೀಳುತ್ತದೆ, ಜಾರುತ್ತ ಉಜ್ಜುವ ಗುಂಡು ಅಂಚು ಸವೆಸಿ ನುಣ್ಣನೆ ದೂಳು ಉದುರಿಸುತ್ತದೆ. ಯಾವುದು ಹೆಚ್ಚಾಗಿದೆ ಎಂದು ಜರಡಿಯೇ ಹೇಳುತ್ತಿತ್ತು.

ಇಷ್ಟು ನುಣ್ಣಗೆ ಅರೆಯಲು ಕಾರಣ ಸೈನೈಡ್ ದ್ರಾವಣದಲ್ಲಿ ಚಿನ್ನ ಕರಗಿಸುವ ವಿಧಾನ. 1887ರಲ್ಲಿ ಗ್ಲಾಸ್ಗೋದಲ್ಲಿ ಮ್ಯಾಕ್‌ಆರ್ಥರ್ ಮತ್ತು ಫಾರೆಸ್ಟ್ ಸಹೋದರರು ಪೇಟೆಂಟ್ ಮಾಡಿದ ಈ ವಿಧಾನದಲ್ಲಿ, ದ್ರಾವಣ ಮುಟ್ಟಿದ ಚಿನ್ನ ಮಾತ್ರ ಕರಗುತ್ತದೆ. ಕಲ್ಲಿನೊಳಗೆ ಮುಚ್ಚಿಕೊಂಡ ಕಣ ಹಾಗೆಯೇ ಉಳಿಯುತ್ತದೆ. ಹಾಗಾಗಿ ಅದಿರು ಬಡವಾದಷ್ಟೂ ಅರೆತಕ್ಕೆ ಮಹತ್ವ ಹೆಚ್ಚಾಯಿತು.

ಆ ಹಿಟ್ಟೇ ಇಂದು ಮೂರು ಕೋಟಿ ಟನ್ನಿಗೂ ಮೀರಿದ ಸೈನೈಡ್ ದಿಬ್ಬಗಳಾಗಿ ಊರ ಸುತ್ತ ನಿಂತಿದೆ. ಗಣಿಯಲ್ಲಿ ಬೆಣಚಿನ ದೂಳು ಕುಡಿದ ಎಷ್ಟೋ ಕಾರ್ಮಿಕರ ಶ್ವಾಸಕೋಶವನ್ನು ಸಿಲಿಕೋಸಿಸ್ ತಿಂದುಹಾಕಿತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು; ಆಷಾಢದ ಗಾಳಿಗೆ ದಿಬ್ಬದ ದೂಳು ಇಂದಿಗೂ ಮನೆಗಳೊಳಗೆ ಬರುತ್ತದೆ. ಉಳಿದ ಚಿನ್ನಕ್ಕಾಗಿ ದಿಬ್ಬಗಳನ್ನು ಮತ್ತೆ ಸಂಸ್ಕರಿಸುವ ಮಾತು ನಡೆದಿದೆ. ಮಾಡಲಿ. ಮೊದಲು ದೂಳು ಏಳದಂತೆ ನೀರು, ಹಸಿರು ಹೊದಿಕೆಯ ಏರ್ಪಾಡಾಗಲಿ. ಅದಾಗದೆ ಒಂದು ಸಲಿಕೆ ಮರಳನ್ನೂ ಎತ್ತಬಾರದು.