ಪುಂಡಿಪಲ್ಯ ತಿಂದರೆ ರಕ್ತಹೀನತೆ ಹೋಗುತ್ತದೆಯೇ?

ಬಸವಕಲ್ಯಾಣ ತಾಲ್ಲೂಕಿನ ಮುಡಬಿ ಸೀಮೆಯ ತಾಂಡಾಗಳಲ್ಲಿ ಜೋಳದ ರೊಟ್ಟಿ, ಪುಂಡಿಪಲ್ಯ ಹಳೆಯ ಊಟ. ಬಸುರಿಗೆ ಇಷ್ಟೇ ಸಾಕು, ಮಾತ್ರೆ ಬೇಡ ಎಂಬ ಮಾತು ಅರ್ಧ ಮಾತ್ರ ನಿಜ.

100 ಗ್ರಾಂ ಜೋಳದಲ್ಲಿ ಸುಮಾರು 4 ಮಿ.ಗ್ರಾಂ, ಸಜ್ಜೆಯಲ್ಲಿ 6 ಮಿ.ಗ್ರಾಂ ಕಬ್ಬಿಣಾಂಶವಿದೆ, ಪಾಲಿಶ್ ಅಕ್ಕಿಯಲ್ಲಿ 1 ಮಿ.ಗ್ರಾಂ ಕೂಡ ಇಲ್ಲ. ಹಾಗಾಗಿ ರೇಷನ್ ಅಕ್ಕಿಗಾಗಿ ರೊಟ್ಟಿ ಬಿಡುವುದು ನಷ್ಟವೇ. ಆದರೆ ಧಾನ್ಯದ ಫೈಟೇಟ್ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುವುದರಿಂದ ಮೈಗೆ ಹತ್ತುವುದು ಸ್ವಲ್ಪವೇ. ಪಲ್ಯದ ಹುಳಿ, ನಿಂಬೆರಸ ಹೀರಿಕೆಗೆ ನೆರವಾಗುತ್ತವೆ. ಊಟದ ಬೆನ್ನಿಗೇ ಕುಡಿಯುವ ಚಹಾ ಅಡ್ಡಿ.

ಗರ್ಭಿಣಿಗೆ ದಿನಕ್ಕೆ 27 ಮಿ.ಗ್ರಾಂ ಬೇಕು. ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವವಳಿಗೆ ಅಷ್ಟು ಎಲ್ಲಿಂದ ಸಿಗಬೇಕು? ಆಶಾ ಕಾರ್ಯಕರ್ತೆ ಕೊಡುವ ಮಾತ್ರೆಯಲ್ಲಿ 60 ಮಿ.ಗ್ರಾಂ ಇರುತ್ತದೆ. 180 ದಿನ ತಪ್ಪದೇ ನುಂಗಬೇಕು, ಚಹಾದ ಜೊತೆ ಮಾತ್ರ ಬೇಡ.